ಬೇವಿನ ಸೊಪ್ಪಿನಲ್ಲಿ ಅವುಗಳ ಪಾಲು

ಇವತ್ತು ಬೆಳಿಗ್ಗೆ ಬಲೆಬುಟ್ಟಿ ತೊಳೆದು ಬಿಸಿಲಿಗೆ ಇಟ್ಟೆ. ತಳಕ್ಕೆ ಹಾಸಿದ್ದ ಹಳೇ ಉದಯವಾಣಿ ಪೇಪರ್ ತೆಗೆದೆ. ಒಣಗಿದ ಕಡ್ಡಿಗಳನ್ನು ತೆಂಗಿನ ಬುಡಕ್ಕೆ ಹಾಕಿದೆ. ಜೂನ್‌ನಲ್ಲಿ ಶುರುವಾದ ಈ ವರ್ಷದ ಚಿಟ್ಟೆ ಸಾಕಣೆ ಇಲ್ಲಿಗೆ ಮುಗಿಯಿತು. ಕೊನೆಯದು ಮೊನ್ನೆ ಹಾರಿತು. ಬುಟ್ಟಿಯ ಮೂಲೆಯಲ್ಲಿ ಅದರ ಖಾಲಿ ಗೂಡು ಇನ್ನೂ ಅಂಟಿಕೊಂಡೇ ಇದೆ. ಅದನ್ನೊಂದು ಕೀಳಲು ಮನಸ್ಸಾಗಲಿಲ್ಲ.

ನಾನು ಇದನ್ನು ಮಾಡುತ್ತಿರುವುದು ಆರನೇ ವರ್ಷ. ಉಡುಪಿಯ ಕುಂಜಿಬೆಟ್ಟಿನಲ್ಲಿ ನಮ್ಮ ಮನೆ. ದೊಡ್ಡ ಜಾಗ ಏನೂ ಇಲ್ಲ. ಮುಂದೆ ತುಳಸಿಕಟ್ಟೆ, ಪಕ್ಕದಲ್ಲಿ ಬಾವಿ, ಬಾವಿಕಟ್ಟೆಯ ಹತ್ತಿರ ಅತ್ತೆ ನೆಟ್ಟ ಕರಿಬೇವು. ನಮ್ಮ ಮನೆಯಲ್ಲಿ ಅದಕ್ಕೆ ಕರಿಬೇವು ಅನ್ನುವುದಿಲ್ಲ, ಬೇವಿನ ಸೊಪ್ಪು ಅಂತಲೇ ಹೇಳುವುದು. ಆ ಗಿಡದ ಮೇಲೆ ಅತ್ತೆಗೆ ಬಹಳ ಪ್ರೀತಿ. ಬೇಸಿಗೆಯಲ್ಲಿ ಅಕ್ಕಿ ತೊಳೆದ ನೀರು ಅದಕ್ಕೇ ಹೋಗಬೇಕು. ಹುಳಿ ಮಜ್ಜಿಗೆಯೂ ಅದಕ್ಕೇ. ಅಕ್ಕಪಕ್ಕದವರು ಒಗ್ಗರಣೆಗೆ ನಾಲ್ಕು ಎಲೆ ಕೇಳಿಕೊಂಡು ಬಂದರೆ ಅತ್ತೆಯೇ ಎದ್ದು ಹೋಗಿ ಕೊಯ್ದು ಕೊಡುತ್ತಿದ್ದರು. ಬೇರೆಯವರು ಕೈಹಾಕಿ ಗೆಲ್ಲು ಮುರಿಯುವುದು ಅವರಿಗೆ ಆಗುತ್ತಿರಲಿಲ್ಲ.

ಮೊದಲ ವರ್ಷ ಮಳೆ ಹಿಡಿದು ಎರಡು ವಾರ ಆಗಿತ್ತು. ಗಿಡ ತುಂಬ ಎಳೆ ಚಿಗುರು. ಅತ್ತೆ ಸೊಪ್ಪು ಕೊಯ್ಯಲು ಹೋದವರು ಎಲೆಯ ಮೇಲೆ ಹಕ್ಕಿ ಹಿಕ್ಕೆ ಹಾಕಿದೆ ಅಂತ ಚೊಂಬಿನಲ್ಲಿ ನೀರು ತಂದು ಸುರಿದರು. ಹಿಕ್ಕೆ ತೊಳೆದು ಹೋಗಲಿಲ್ಲ. ಮೆಲ್ಲಗೆ ನಡೆಯಿತು. ಅತ್ತೆ ನನ್ನನ್ನು ಕೂಗಿದರು. ನಾನು ಹೋಗಿ ಕಡ್ಡಿಯಿಂದ ಮುಟ್ಟಿದೆ. ತಲೆಯ ಹಿಂದಿನಿಂದ ಕೆಂಪು ಬಣ್ಣದ ಕವಲು ನಾಲಿಗೆಯಂಥದ್ದು ಫಕ್ಕನೆ ಹೊರಗೆ ಬಂತು. ಜೊತೆಗೆ ಒಂದು ಘಾಟು, ಹುಳಿ ಹಣ್ಣು ಕೊಳೆತ ಹಾಗೆ. ಇಬ್ಬರೂ ಹಿಂದೆ ಸರಿದೆವು.

"ಎಂತ ಮಾರಾಯ್ತಿ ಇದು, ಹಾವಿನ ಮರಿಯ ಹಾಗೆ ಮಾಡ್ತದೆ" ಅಂದರು ಅತ್ತೆ.

ಅದು ಕಾಮನ್ ಮಾರ್ಮನ್ ಚಿಟ್ಟೆಯ ಹುಳ. ಮೊಟ್ಟೆ ಒಡೆದು ಬಂದಾಗಿನಿಂದ ನಾಲ್ಕನೇ ಹಂತದವರೆಗೆ ಅದು ಹಕ್ಕಿ ಹಿಕ್ಕೆಯ ವೇಷದಲ್ಲೇ ಇರುತ್ತದೆ. ಕಂದು, ಮೇಲೆ ಬಿಳಿ ಪಟ್ಟೆ, ಎಣ್ಣೆ ಹಚ್ಚಿದ ಹಾಗೆ ಹೊಳಪು. ಹಕ್ಕಿಗಳು ತಮ್ಮ ಹಿಕ್ಕೆಯನ್ನು ತಾವು ತಿನ್ನುವುದಿಲ್ಲ ಅಲ್ವಾ, ಅದೇ ಅದರ ರಕ್ಷಣೆ. ನಾಲ್ಕನೇ ಸಲ ಪೊರೆ ಬದಲಿಸುವ ಹೊತ್ತಿಗೆ ಅದು ಹಿಕ್ಕೆಗಿಂತ ದೊಡ್ಡದಾಗಿಬಿಟ್ಟಿರುತ್ತದೆ. ಆ ವೇಷ ಇನ್ನು ಆಗುವುದಿಲ್ಲ. ಹಾಗಾಗಿ ರಾತ್ರಿ ಬೆಳಗಾಗುವಷ್ಟರಲ್ಲಿ ಎಲೆ ಹಸಿರಾಗುತ್ತದೆ. ಬೆನ್ನ ಮೇಲೆ ಎರಡು ಕಣ್ಣಿನಂಥ ಗುರುತು. ನಿಜವಾದ ತಲೆ ಕೆಳಗೆ ಅಡಗಿರುತ್ತದೆ, ಪುಟ್ಟದು. ಕಣ್ಣು ಅಂತ ನಾವು ನೋಡುವುದು ಬರೀ ಬಣ್ಣ.

ಆ ಹುಳವನ್ನು ಹೊಸಕಿ ಹಾಕೋಣ ಅಂತ ಹೊರಟಿದ್ದೆವು. ನಿಜ ಹೇಳುತ್ತೇನೆ, ಇಬ್ಬರೂ. ನಡೆಯುವ ಹಿಕ್ಕೆ ನೋಡಿದ ಆಶ್ಚರ್ಯಕ್ಕೆ ಅದು ಉಳಿಯಿತು. ನಾನು ಐಸ್‌ಕ್ರೀಮ್ ಡಬ್ಬಿಯೊಂದಕ್ಕೆ ತೂತು ಮಾಡಿ, ಸೊಪ್ಪಿನ ಸಮೇತ ಅದನ್ನು ಒಳಗೆ ತಂದೆ.

ಸಾಕುವುದು ಅಂದರೆ ಕಷ್ಟದ ಕೆಲಸ ಅಲ್ಲ, ಆದರೆ ದಿನಾ ಮಾಡಬೇಕಾದ ಕೆಲಸ. ಮುಚ್ಚಿದ ಡಬ್ಬಿ ನಮ್ಮ ಮಳೆಗಾಲಕ್ಕೆ ಆಗುವುದಿಲ್ಲ. ಉಡುಪಿಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಆಟಿ ತಿಂಗಳಲ್ಲಿ ಕಪಾಟಿನ ಚಪ್ಪಲಿಗೇ ಬೂಸ್ಟು ಹಿಡಿಯುವಾಗ ಡಬ್ಬಿಯೊಳಗಿನ ಒದ್ದೆ ಹಿಕ್ಕೆಗೆ ಹಿಡಿಯದೆ ಇರುತ್ತದಾ? ಮೊದಲ ವರ್ಷವೇ ಕಲಿತೆ. ಈಗ ಇರುವುದು ಬಟ್ಟೆ ಹಾಕುವ ಬಲೆಬುಟ್ಟಿ, ಗಾಳಿ ಆಡುತ್ತದೆ. ಬೇವಿನ ಗೆಲ್ಲನ್ನು ನೀರು ತುಂಬಿದ ಸಣ್ಣ ಬಾಟಲಿಯಲ್ಲಿ ಇಡುತ್ತೇನೆ. ಬಾಟಲಿಯ ಬಾಯಿಗೆ ಹತ್ತಿ ತುರುಕಲೇಬೇಕು, ಇಲ್ಲದಿದ್ದರೆ ಹುಳ ಕಡ್ಡಿ ಹಿಡಿದು ಇಳಿದು ನೀರಿಗೆ ಬೀಳುತ್ತದೆ. ಸಂಜೆ ಪೇಪರ್ ಬದಲಿಸುವುದು. ಬುಟ್ಟಿ ಇಟ್ಟ ಸ್ಟೂಲಿನ ನಾಲ್ಕು ಕಾಲಿಗೆ ನಾಲ್ಕು ನೀರಿನ ಬಟ್ಟಲು, ಇರುವೆ ಹತ್ತದ ಹಾಗೆ. ಇದು ಅತ್ತೆಯ ಉಪಾಯ. ಬೆಲ್ಲದ ಭರಣಿಗೆ ಅವರು ಹೀಗೇ ಮಾಡುತ್ತಿದ್ದದ್ದು.

ಇನ್ನೊಂದು ವಿಷಯ. ಹುಳ ಒಂದೇ ಕಡೆ ಅಲುಗಾಡದೆ ಕೂತಿದ್ದರೆ ಕಾಯಿಲೆ ಅಂತ ತಿಳಿದು ಎಬ್ಬಿಸಲು ಹೋಗಬಾರದು. ಅದು ಪೊರೆ ಕಳಚುವ ಹೊತ್ತು. ಎಲೆಯ ಮೇಲೆ ರೇಷ್ಮೆಯ ತೆಳು ಹಾಸು ಹಾಕಿ ಕಾಲು ಊರಿಕೊಂಡಿರುತ್ತದೆ. ಎಳೆದರೆ ಸಾಯುತ್ತದೆ.

ಎರಡನೇ ವರ್ಷದ ಕಥೆ ಬರೆಯಲೋ ಬೇಡವೋ ಅಂತ ತುಂಬ ಯೋಚಿಸಿದೆ. ಬರೆಯುತ್ತೇನೆ.

ಆ ವರ್ಷ ನನಗೆ ಹುಚ್ಚು ಹತ್ತಿತ್ತು. ಕಂಡ ಮೊಟ್ಟೆ, ಕಂಡ ಹುಳ ಎಲ್ಲ ಒಳಗೆ ತಂದೆ. ಮೊಟ್ಟೆ ಎಂದರೆ ಸಾಸಿವೆಗಿಂತ ಕೊಂಚ ಕಿರಿದು, ಮಾಸಿದ ಹಳದಿ ಮುತ್ತು, ಎಳೆ ಎಲೆಗೆ ಒಂದೊಂದೇ. ಹೀಗೆ ಇಪ್ಪತ್ತಕ್ಕಿಂತ ಜಾಸ್ತಿ ಹುಳ ಆದವು. ಕೊನೆಯ ಹಂತದ ಹುಳ ತಿನ್ನುವ ಪರಿ ನೋಡಿದವರಿಗೇ ಗೊತ್ತು, ರಾತ್ರಿ ಲೈಟ್ ಆರಿಸಿ ಕಿವಿಗೊಟ್ಟರೆ ಕರಕರ ಸದ್ದು ಕೇಳುತ್ತದೆ. ನಮ್ಮ ಗಿಡ ಬೋಳಾಯಿತು. ಅತ್ತೆ ಮೊದಲ ಸಲ ಮುಖ ಊದಿಸಿದರು. "ಸಾರಿಗೆ ಹಾಕಲು ನಾಲ್ಕು ಎಲೆ ಇಲ್ಲ, ಹುಳಕ್ಕೆ ಊಟ ಹಾಕುವ ಮನೆ ಆಯ್ತು ಇದು." ನಾನು ಅಂಗಡಿಯಿಂದ ಎರಡು ಕಟ್ಟು ಸೊಪ್ಪು ತಂದೆ. ಚೆನ್ನಾಗಿ ತೊಳೆದೆ. ಎರಡೆರಡು ಸಲ ತೊಳೆದೆ. ಬುಟ್ಟಿಗೆ ಇಟ್ಟು ಮಲಗಿದೆ.

ಬೆಳಿಗ್ಗೆ ಅರ್ಧ ಹುಳ ಪೇಪರಿನ ಮೇಲೆ ಬಿದ್ದಿದ್ದವು. ಬಾಯಿಯಿಂದ ಹಸಿರು ನೀರು, ಮೈ ತಿರುಚುತ್ತಿತ್ತು. ಸಂಜೆಯ ಹೊತ್ತಿಗೆ ಒಂದೂ ಉಳಿಯಲಿಲ್ಲ. ಎಲೆಯಲ್ಲಿದ್ದ ಔಷಧಿ ನೀರಿಗೆ ಹೋಗುವಂಥದ್ದಾಗಿರಲಿಲ್ಲ. ಹುಳ ಕೊಲ್ಲುವ ಔಷಧಿ ಹುಳವನ್ನು ಕೊಂದಿತು, ಅದರಲ್ಲಿ ವಿಚಿತ್ರ ಏನೂ ಇಲ್ಲ. ಆದರೆ ಅವನ್ನು ಗಿಡದಿಂದ ತೆಗೆದು ತಂದದ್ದು ನಾನು. ಕಾಪಾಡುತ್ತೇನೆ ಅಂತ ತಂದದ್ದು. ಗಿಡದಲ್ಲೇ ಇದ್ದಿದ್ದರೆ ಕೆಲವು ಪಿಕಳಾರದ ಬಾಯಿಗೆ ಹೋಗುತ್ತಿದ್ದವು, ಕೆಲವು ಮಳೆಗೆ ಉದುರುತ್ತಿದ್ದವು, ಆದರೂ ಎರಡೋ ಮೂರೋ ಹಾರುತ್ತಿದ್ದವು. ಬೇವಿನ ಬುಡದಲ್ಲಿ ಗುಂಡಿ ತೋಡಿ ಹಾಕಿದೆ. ಅತ್ತೆ ಬಾವಿಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಬೈಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಅದೇ ಸೊಪ್ಪನ್ನು ನಾವು ತಿನ್ನುವುದಲ್ವಾ" ಅಂದರು.

ಆ ಮಳೆಗಾಲದಲ್ಲೇ ಬೇವಿನ ಬುಡದಿಂದ ಎದ್ದ ಮರಿಗಳನ್ನು ಕಿತ್ತು ಇನ್ನು ನಾಲ್ಕು ಕಡೆ ನೆಟ್ಟೆವು. ಜೊತೆಗೆ ಒಂದು ನಿಂಬೆ. ನರ್ಸರಿಯಿಂದ ತಂದ ನಿಂಬೆ ಗಿಡಕ್ಕೂ ಔಷಧಿ ಹೊಡೆದಿರಬಹುದು, ಆದ್ದರಿಂದ ಮೊದಲ ಕೆಲವು ತಿಂಗಳು ಅದರ ಎಲೆ ಮುಟ್ಟಲಿಲ್ಲ. ಹೊಸ ಚಿಗುರು ಬಂದ ಮೇಲೆಯೇ ಬಳಸಿದ್ದು.

ನನಗೆ ಅರ್ಥವಾದದ್ದು ಇಷ್ಟು. ಚಿಟ್ಟೆ ಬರಲಿ ಅಂತ ಎಲ್ಲರೂ ಹೂವಿನ ಗಿಡ ನೆಡುತ್ತಾರೆ. ಕೇಪುಳ ಇರಲಿ, ದಾಸವಾಳ ಇರಲಿ, ಒಳ್ಳೆಯದೇ. ಆದರೆ ಹೂವು ಅದಕ್ಕೆ ದಾರಿಯ ಹೋಟೆಲು. ಮನೆ ಅಂದರೆ ಎಲೆ. ಅದೂ ಎಲ್ಲ ಎಲೆ ಅಲ್ಲ, ಒಂದೊಂದು ಜಾತಿಗೆ ಒಂದೊಂದು. ತಾಯಿ ಚಿಟ್ಟೆ ಎಲೆಯ ಮೇಲೆ ಕೂತು ಮುಂಗಾಲಿನಿಂದ ಟಪಟಪ ಬಡಿಯುವುದನ್ನು ನೋಡಿದ್ದೀರಾ? ಕಾಲಿನಲ್ಲಿ ರುಚಿ ನೋಡುವುದು ಅದು. ಬೇರೆ ಗಿಡ ಅಂತಾದರೆ ಮೊಟ್ಟೆ ಇಡದೆ ಎದ್ದು ಹೋಗುತ್ತದೆ. ತಿನ್ನಿಸಿಕೊಳ್ಳುವ ಗಿಡ ನೆಟ್ಟು, ಅದು ತೂತು ತೂತಾಗುವುದನ್ನು ನೋಡಿಕೊಂಡು ಸುಮ್ನೆ ಇರುವುದು, ಅದು ಕಷ್ಟ. ಚಂದದ ತೋಟ ಬೇಕು ಅನ್ನುವವರಿಗಂತೂ ಬಹಳ ಕಷ್ಟ. ಎಲೆ ಬಿಟ್ಟುಕೊಡದೆ ಚಿಟ್ಟೆ ಸಿಗುವುದಿಲ್ಲ.

ಮನೆ ಸುತ್ತ ಇದ್ದದ್ದನ್ನೇ ಬೇರೆ ಕಣ್ಣಿನಿಂದ ನೋಡಲು ಶುರು ಮಾಡಿದೆ. ಗೇಟಿನ ಹತ್ತಿರದ ಕಣಗಿಲೆ ಗಿಡ ದೇವರಿಗೆ ಹೂವಿಗೆಂದು ಇದ್ದದ್ದು. ಅದರ ಎಲೆಯಡಿ ಕಾಮನ್ ಕ್ರೋ ಚಿಟ್ಟೆಯ ಗೂಡು ಸಿಕ್ಕಿತು. ತಲೆಕೆಳಗಾಗಿ ನೇತಾಡುವ ಬೆಳ್ಳಿ, ಕನ್ನಡಿಯಂತೆ ಹೊಳಪು, ಹತ್ತಿರ ಹೋದರೆ ನಮ್ಮ ಮುಖ ವಾರೆಯಾಗಿ ಕಾಣುತ್ತದೆ. ಪಕ್ಕದ ಮನೆಯ ಮಗು "ಬೆಂಡೋಲೆ!" ಅಂತ ಕೂಗಿತು. ಅಷ್ಟು ಸರಿಯಾದ ಹೆಸರು ನನಗೆ ಹೊಳೆಯುತ್ತಿರಲಿಲ್ಲ. (ಕಣಗಿಲೆ ವಿಷ. ಮಕ್ಕಳು ಮುಟ್ಟಿದರೆ ಕೈ ತೊಳೆಸಿ.) ಎದುರಿನ ಅಶೋಕ ಮರದಲ್ಲಿ ಟೇಲ್ಡ್ ಜೇ ಇದೆ ಅಂತ ಆಮೇಲೆ ತಿಳಿಯಿತು, ಕಪ್ಪು ಮೈಗೆ ಹಸಿರು ಬೊಟ್ಟು, ಒಂದು ಕ್ಷಣವೂ ಕೂರದ ಚಿಟ್ಟೆ.

ಎಕ್ಕದ ಗಿಡ ರಸ್ತೆ ಬದಿಯಲ್ಲಿತ್ತು. ಪ್ಲೇನ್ ಟೈಗರ್ ಅದರಲ್ಲೇ ಬೆಳೆಯುವುದು, ಎಕ್ಕದ ಹಾಲಿನ ವಿಷವನ್ನು ಹುಳವಾಗಿದ್ದಾಗ ಮೈಗೆ ಸೇರಿಸಿಕೊಂಡು, ಚಿಟ್ಟೆಯಾದ ಮೇಲೂ ಹಕ್ಕಿಗೆ ಕಹಿಯಾಗಿರುತ್ತದೆ. ರಸ್ತೆ ಕೆಲಸಕ್ಕೆ ಬಂದವರು ಗಿಡಗಳನ್ನು ಬುಡಸಮೇತ ತೆಗೆದು ರಾಶಿ ಹಾಕಿದ ಸಂಜೆ ನಾನು ಬಸ್ಸಿಳಿದು ಬರುತ್ತಿದ್ದೆ. ಬಾಡುತ್ತಿದ್ದ ರಾಶಿಯಲ್ಲಿ ಮೂರು ಹುಳ ಇನ್ನೂ ತಿನ್ನುತ್ತಿದ್ದವು. ಹಳದಿ, ಕಪ್ಪು, ಬಿಳಿ ಪಟ್ಟೆ, ಬೆನ್ನ ಮೇಲೆ ಮೂರು ಜೊತೆ ಕಪ್ಪು ದಾರದಂಥ ಕೊಂಬು. ಊಟದ ಡಬ್ಬಿಯಲ್ಲಿ ತಂದೆ. ಎಲೆಗೆ ಆ ಮೇಲೆ ಬಹಳ ಅಲೆದೆ. ಅವುಗಳಲ್ಲಿ ಎರಡು ವಿಟ್ಲಪಿಂಡಿಯ ದಿನ, ಅಂದರೆ ಕೃಷ್ಣಾಷ್ಟಮಿಯ ಮರುದಿನ, ಹೊರಬಂದವು. ಪೇಟೆಯ ಕಡೆಯಿಂದ ಹುಲಿವೇಷದ ತಾಸೆ ಕೇಳುತ್ತಿತ್ತು. ಅತ್ತೆ ಜಗಲಿಯಲ್ಲಿ ಕೂತು, ಕೇಸರಿ ಬಣ್ಣಕ್ಕೆ ಕಪ್ಪು ಅಂಚಿನ ಆ ರೆಕ್ಕೆ ನೋಡುತ್ತ, "ನಮ್ಮ ಮನೆಗೂ ಹುಲಿ ಬಂತು" ಅಂದರು. ಈಗ ಹಿಂದಿನ ಗೋಡೆಯ ಪಕ್ಕ ನಮ್ಮದೇ ಎಕ್ಕ ಇದೆ.

ಈಶ್ವರ ಬಳ್ಳಿಯನ್ನೂ ಹಬ್ಬಿಸಿದ್ದೇನೆ. ಹಾವು ಬರುವುದಿಲ್ಲ ಅಂತ ಹಳಬರು ಅದನ್ನು ಮನೆ ಹತ್ತಿರ ನೆಡುತ್ತಿದ್ದರು. ನನ್ನ ಆಸೆ ಬೇರೆ, ಸದರ್ನ್ ಬರ್ಡ್‌ವಿಂಗ್ ಬರಲಿ ಅಂತ. ನಮ್ಮ ರಾಜ್ಯದ ಚಿಟ್ಟೆ ಅದು. ಕಪ್ಪು ರೆಕ್ಕೆ, ಹಿಂದಿನ ರೆಕ್ಕೆಯಲ್ಲಿ ಅರಿಸಿನದ ಹಳದಿ, ಬಿಚ್ಚಿದರೆ ಅಂಗೈಗಿಂತ ಅಗಲ. 2020ರವರೆಗೂ ದೇಶದ ಅತಿ ದೊಡ್ಡ ಚಿಟ್ಟೆ ಅದೇ ಆಗಿತ್ತು. ಆಮೇಲೆ ಹಿಮಾಲಯದ ಗೋಲ್ಡನ್ ಬರ್ಡ್‌ವಿಂಗ್‌ನ ಹೆಣ್ಣೊಂದು 194 ಮಿಲಿಮೀಟರ್ ಅಂತ ಅಳತೆಗೆ ಸಿಕ್ಕಿ ಅದನ್ನು ಹಿಂದೆ ಹಾಕಿತು. ಮೂಡುಬಿದಿರೆ ಹತ್ತಿರದ ಬೆಳುವಾಯಿ ಚಿಟ್ಟೆ ಪಾರ್ಕಿಗೆ ಹೋದವರಿಗೆ ಈ ಕಡೆಯ ಚಿಟ್ಟೆಗಳ ಪರಿಚಯ ಚೆನ್ನಾಗಿ ಆಗುತ್ತದೆ. ನಮ್ಮ ಬಳ್ಳಿಗೆ ಬರ್ಡ್‌ವಿಂಗ್ ಇನ್ನೂ ಮೊಟ್ಟೆ ಇಟ್ಟಿಲ್ಲ. ಕಾಮನ್ ರೋಸ್ ಇಟ್ಟಿದೆ. ಅದನ್ನು ನಾನು ಒಳಗೆ ತರುವುದಿಲ್ಲ, ಬಳ್ಳಿಯಲ್ಲೇ ಬಿಟ್ಟು ನೋಡುತ್ತೇನೆ. ಕಾಡಿನಿಂದ, ಬೇರೆ ಊರಿನಿಂದ ಹುಳ ತರುವುದೂ ಇಲ್ಲ. ಎಷ್ಟೋ ಚಿಟ್ಟೆಗಳು 1972ರ ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿವೆ. ಅದಿಲ್ಲದಿದ್ದರೂ, ನಮ್ಮ ಗಿಡಕ್ಕೆ ತಾನಾಗಿ ಬಂದದ್ದೇ ನಮಗೆ ಸಾಕು.

ಕಾಮನ್ ರೋಸ್ ಬಂದ ಮೇಲೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ನಮ್ಮ ಬುಟ್ಟಿಯ ಕಾಮನ್ ಮಾರ್ಮನ್‌ಗಳಲ್ಲಿ ಗಂಡು ಯಾವಾಗಲೂ ಒಂದೇ ಥರ, ಕಪ್ಪಿಗೆ ಬಿಳಿ ಚುಕ್ಕೆಯ ಸಾಲು. ಹೆಣ್ಣಿನಲ್ಲಿ ಮಾತ್ರ ಕೆಲವು ಗಂಡಿನ ಹಾಗೆ, ಕೆಲವಕ್ಕೆ ಹಿಂದಿನ ರೆಕ್ಕೆಯಲ್ಲಿ ಕೆಂಪು, ಥೇಟ್ ಕಾಮನ್ ರೋಸ್. ಈಶ್ವರ ಬಳ್ಳಿ ತಿಂದ ರೋಸ್ ವಿಷದ್ದು, ಹಕ್ಕಿ ಮುಟ್ಟುವುದಿಲ್ಲ. ಬೇವು ತಿಂದ ಮಾರ್ಮನ್‌ಗೆ ಆ ವಿಷ ಇಲ್ಲ, ವೇಷ ಮಾತ್ರ ಇದೆ. ಒಂದೇ ತಾಯಿಯ ಮೊಟ್ಟೆಗಳಲ್ಲಿ ಎರಡೂ ಥರದ ಹೆಣ್ಣು ಹುಟ್ಟಬಹುದು. ಇಷ್ಟೆಲ್ಲ ಬದಲಾವಣೆಗೆ ಡಬಲ್‌ಸೆಕ್ಸ್ ಅನ್ನುವ ಒಂದೇ ಜೀನ್ ಕಾರಣ ಅಂತ 2014ರಲ್ಲಿ ಕೃಷ್ಣಮೇಘ ಕುಂಟೆ ಮತ್ತು ಅವರ ಜೊತೆಗಾರರು ತೋರಿಸಿಕೊಟ್ಟರು. ಕುಂಟೆ ಇರುವುದು ಬೆಂಗಳೂರಿನ ಎನ್‌ಸಿಬಿಎಸ್ ಅನ್ನುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ. ಓದಿದ ದಿನ ನಾನು ಗೂಡುಗಳ ಮುಂದೆ ಕೂತು, ಇದರಲ್ಲಿ ಯಾವುದು ಯಾವ ಸೀರೆ ಉಟ್ಟು ಬರುತ್ತದೋ ಅಂತ ನೋಡುತ್ತಿದ್ದೆ.

ಎಲ್ಲ ಗೂಡಿನಿಂದ ಚಿಟ್ಟೆಯೇ ಬರುವುದಿಲ್ಲ. ಮೂರನೇ ವರ್ಷ ಒಂದು ಗೂಡು ಹತ್ತು ದಿನ, ಹದಿನೈದು ದಿನ ಆದರೂ ಬಿರಿಯಲಿಲ್ಲ. ಬಣ್ಣ ಕಂದಿತು. ಒಂದು ಬೆಳಿಗ್ಗೆ ಅದರಲ್ಲಿ ಸೂಜಿ ಚುಚ್ಚಿದಷ್ಟು ತೂತು. ಬುಟ್ಟಿ ತುಂಬ ಎಳ್ಳಿಗಿಂತ ಸಣ್ಣ, ಹೊಳೆಯುವ ಕಣಜಗಳು. ತಾಯಿ ಕಣಜ ಹುಳ ಗೂಡಾಗುವವರೆಗೆ ಕಾದು, ಮೇಲಿನ ಸಿಪ್ಪೆ ಮೆತ್ತಗಿರುವಾಗಲೇ ಒಳಗೆ ಮೊಟ್ಟೆ ಇಟ್ಟಿರುತ್ತದೆ. ಸಿಟ್ಟು ಬಂತು. ಬುಟ್ಟಿಯನ್ನು ಹಾಗೇ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದೆ. ಅವೆಲ್ಲ ಸತ್ತವು.

ಆ ಸಿಟ್ಟಿನ ಬಗ್ಗೆ ಆಮೇಲೆ ನನಗೇ ಸಮಾಧಾನ ಇರಲಿಲ್ಲ. ಕಣಜಕ್ಕೂ ಮರಿಗಳಿದ್ದವು, ಅಷ್ಟೇ. ಅವು ಇಲ್ಲದಿದ್ದರೆ ನಮ್ಮ ಬೇವಿನಲ್ಲಿ ಒಂದು ಎಲೆಯೂ ಉಳಿಯುವುದಿಲ್ಲ ಅನ್ನುವ ಲೆಕ್ಕ ಬೇರೆ. ಒಂದು ಚಿಟ್ಟೆ ಅಷ್ಟೊಂದು ಮೊಟ್ಟೆ ಇಡುವುದೇ ಬಹಳಷ್ಟು ಉಳಿಯುವುದಿಲ್ಲ ಅಂತ. ಈ ವರ್ಷವೂ ಎರಡು ಗೂಡಿನಿಂದ ಕಣಜ ಬಂದವು. ಬುಟ್ಟಿಯನ್ನು ಅಂಗಳಕ್ಕೆ ತಂದು ಜಿಪ್ ತೆಗೆದು ಇಟ್ಟೆ. ಹೊಗೆಯ ಹಾಗೆ ಎದ್ದು ಹೋದವು. ಈ ವರ್ಷ ನಾನು ಒಳಗೆ ತಂದದ್ದು ಬರೀ 14 ಹುಳ. ಹಾರಿದ ಚಿಟ್ಟೆ 11. ಒಂದು ಕಪ್ಪಾಗಿ ನೀರಾಗಿ ಸತ್ತಿತು. ಉಳಿದ ಹುಳಗಳೆಲ್ಲ ಗಿಡದಲ್ಲೇ ಇದ್ದವು, ಎಷ್ಟು ಬದುಕಿದವೋ ಎಣಿಸಲಿಲ್ಲ.

ಒಳಗೆ ತರುವುದು ಚಿಟ್ಟೆ ಸಂಕುಲವನ್ನು ಉಳಿಸಲಿಕ್ಕೆ ಅಂತ ನಾನು ಈಗ ಹೇಳುವುದಿಲ್ಲ. ಉಳಿಸುವುದು ಆ ಐದು ಬೇವಿನ ಗಿಡ. ಬುಟ್ಟಿ ಇರುವುದು ನಮಗೆ, ನೋಡಲಿಕ್ಕೆ.

ನೋಡುವುದು ಅಂದೆ. ಹೆಚ್ಚು ನೋಡಿದ್ದು ನಾನಲ್ಲ, ಅತ್ತೆ. ಗೂಡು ಕರಿಯಾಗಿ, ಒಳಗಿನ ರೆಕ್ಕೆಯ ಚಿತ್ರ ಹೊರಗೆ ಕಂಡಿತೆಂದರೆ ಮರುದಿನ ಬೆಳಿಗ್ಗೆ ಹೊರಬರುತ್ತದೆ. ನನಗೆ ಎಂಟೂಮುಕ್ಕಾಲಿಗೆ ಮಣಿಪಾಲದ ಬಸ್ಸು. ಎಷ್ಟು ಸಲ ಕಾದರೂ ಬಸ್ಸು ಹತ್ತಿದ ಮೇಲೆಯೇ ಫೋನು. "ಬಂತು, ಬಂತು. ಕಾಲು ಹೊರಗೆ ಹಾಕ್ತು. ಅಯ್ಯೋ ಪಾಪ, ರೆಕ್ಕೆ ಮುದ್ದೆ ಬಟ್ಟೆಯ ಹಾಗೆ ಉಂಟು." ಅಲ್ಲಿಂದ ಅವರ ವರದಿ. ಹೊಟ್ಟೆ ಒತ್ತಿ ಒತ್ತಿ ರೆಕ್ಕೆಗೆ ನೀರು ತುಂಬುವುದು, ಕಾಲು ಗಂಟೆಯೊಳಗೆ ಮುದುಡಿದ್ದು ಬಿಚ್ಚುವುದು, ಕೆಳಗೆ ಕೆಂಪು ಹನಿ ಬೀಳುವುದು. ಮೊದಲ ಸಲ ಅದನ್ನು ರಕ್ತ ಅಂತ ಹೆದರಿದ್ದರು. ಗೂಡಿನೊಳಗೆ ಉಳಿದ ಕಸ ಅದು. ಹೀರುವ ನಾಲಿಗೆ ಎರಡು ಎಳೆಯಾಗಿ ಹೊರಬರುತ್ತದೆ, ಚಿಟ್ಟೆ ಅದನ್ನು ಸುರುಳಿ ಸುತ್ತಿ ಬಿಚ್ಚಿ ಒಂದು ಮಾಡಿಕೊಳ್ಳುತ್ತದೆ. ಇದನ್ನು ನನಗೆ ಹೇಳಿದ್ದು ಅತ್ತೆ, ಪುಸ್ತಕ ಅಲ್ಲ. ಕನ್ನಡಕ ಒರೆಸಿಕೊಂಡು ಒಂದು ಗಂಟೆ ಅಲ್ಲೇ ಕೂತವರಿಗೆ ಮಾತ್ರ ಅದು ಕಾಣುತ್ತದೆ.

ಮಳೆ ಬಿಡದೆ ಸುರಿಯುವ ದಿನ ಚಿಟ್ಟೆ ಬಂದರೆ ಬಿಡುವುದಿಲ್ಲ. ಶಾಲೆಗೆ ರಜೆ ಕೊಟ್ಟ ರೆಡ್ ಅಲರ್ಟ್ ದಿನ ಅದನ್ನು ಹೊರಗೆ ಹಾಕುವುದು ಸರಿಯಲ್ಲ. ಒಂದು ದಿನ ಉಪವಾಸ ತಡೆದುಕೊಳ್ಳುತ್ತದೆ. ಮರುದಿನ ಹತ್ತು ಗಂಟೆಯ ಹೊತ್ತಿಗೆ ಹೊಳವಾದರೆ ಕೇಪುಳದ ಮೇಲೆ ಕೂರಿಸುವುದು. ಕೈಯಿಂದ ಎಸೆಯಬಾರದು, ರೆಕ್ಕೆ ಹಿಡಿಯಬಾರದು. ಬೆರಳು ಮುಂದೆ ಇಟ್ಟರೆ ತಾನೇ ಹತ್ತುತ್ತದೆ. ಹಾರುವ ಮೊದಲು ಮೈ ನಡುಗಿಸುತ್ತದೆ, ಆ ನಡುಕ ಬೆರಳಿಗೆ ಗೊತ್ತಾಗುತ್ತದೆ.

ಈ ವರ್ಷ ದಸರಾ ಕಳೆದ ಮೇಲೆ ಅತ್ತೆ ಮುಂಬಯಿಗೆ ಹೋದರು, ನಾದಿನಿಯ ಮನೆಗೆ. ಮಂಡಿಯ ಆಪರೇಷನ್ ಆಗಿದೆ, ಅಲ್ಲೇ ಇರಬೇಕು ಇನ್ನು ಕೆಲವು ತಿಂಗಳು. ಹೋಗುವಾಗ ಬುಟ್ಟಿಯಲ್ಲಿ ನಾಲ್ಕು ಹುಳ ಇತ್ತು. ಮೂರು ನಾನು ಇಲ್ಲದಾಗ ಹೊರಬಂದು, ಸಂಜೆ ಬಂದಾಗ ಬಲೆಗೆ ಅಂಟಿ ಕೂತಿದ್ದವು. ಹೇಳಲು ಯಾರೂ ಇರಲಿಲ್ಲ. ನಾಲ್ಕನೆಯದು ಭಾನುವಾರ ಬಂತು. ಆರೂವರೆಗೆ ಎದ್ದು ಸ್ಟೂಲಿನ ಮುಂದೆ ಕೂತೆ. ಏಳೂಕಾಲಿಗೆ ಗೂಡಿನ ಮೇಲ್ಭಾಗ ಮುಚ್ಚಳದ ಹಾಗೆ ತೆರೆಯಿತು. ಅತ್ತೆಗೆ ವಿಡಿಯೋ ಕಾಲ್ ಮಾಡಿದೆ. ನಾದಿನಿ ಫೋನ್ ಹಿಡಿದಿದ್ದಳು, ಅತ್ತೆ ಮಂಚದಲ್ಲಿ ದಿಂಬಿಗೆ ಒರಗಿದ್ದರು.

"ಹೆಣ್ಣು. ಕೆಂಪು ಉಂಟಲ್ಲ" ಅಂದರು ನೋಡಿದ ಕೂಡಲೇ. "ಅವಸರ ಮಾಡ್ಬೇಡ. ಒಣಗ್ಲಿ."

ನಾವು ಒಂದೂವರೆ ಗಂಟೆ ಹಾಗೇ ಇದ್ದೆವು. ನಡುವೆ ನಾದಿನಿ ಹೋಗಿ ತಿಂಡಿ ಮಾಡಿದಳು, ನಾನು ಕಾಫಿ ತಂದುಕೊಂಡೆ. ಆಮೇಲೆ ಬುಟ್ಟಿಯನ್ನು ಕೇಪುಳದ ಹತ್ತಿರ ಒಯ್ದು ಬೆರಳು ಕೊಟ್ಟೆ. ಅದು ಹತ್ತಿತು, ನಡುಗಿತು, ಬಾವಿಯ ಮೇಲಿನಿಂದ ಒಂದು ಸುತ್ತು ಬಂದು ಪಕ್ಕದ ಮನೆಯ ಮಾಡು ದಾಟಿ ಹೋಯಿತು. ಫೋನಿನಲ್ಲಿ ಅದು ಅತ್ತೆಗೆ ಎಷ್ಟು ಕಂಡಿತೋ.

"ಬೇವು ಚಿಗುರಿದ್ಯಾ?" ಕೇಳಿದರು.

"ಚಿಗುರಿದೆ ಅತ್ತೆ. ಬಾವಿ ಹತ್ತಿರದ್ದು ಚೆನ್ನಾಗಿ ಚಿಗುರಿದೆ."

"ಇಲ್ಲಿ ಕಟ್ಟು ತರ್ತಾರೆ. ಎಲೆ ಅಂದ್ರೆ ಎಲೆ, ಹಸಿರು ಹಸಿರು, ಒಂದು ತೂತಿಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾನು ದಿನಾ ತಿರುಗಿಸಿ ನೋಡ್ತೇನೆ ಮಾರಾಯ್ತಿ. ಒಂದು ಮೊಟ್ಟೆ ಇಲ್ಲ."